ಕಂಪನಿ ಎದ್ದರೂ ನನ್ನ ಷೇರು ಏಳುತ್ತಾ?

ಪ್ರಶ್ನೆ: ನಾನು ಬೆಟಗೇರಿಯವನು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಹಳೇ ಬ್ಯಾಟರಿಯಿಂದ ಲಿಥಿಯಂ, ಕೋಬಾಲ್ಟ್ ತೆಗೆಯುವ ಒಂದು ಕಂಪನಿಯ 600 ಷೇರು ನನ್ನ ಹತ್ತಿರ ಇವೆ. ಸರಾಸರಿ 212 ರೂಪಾಯಿಗೆ ಕೊಂಡು ಎರಡು ವರ್ಷದ ಮೇಲಾಯಿತು. ಈಗ ಬೆಲೆ 74. ಪ್ಲಾಂಟ್ ಶುರುವಾಗುತ್ತೆ ಅಂತ ಮೂರು ಸಲ ತಾರೀಕು ಕೊಟ್ಟರು, ಮೂರೂ ಸಲ ಮುಂದೆ ಹಾಕಿದರು. ತಿಂಗಳಿಗೊಂದು ಎಂಒಯು (ಮುಂದೆ ಒಪ್ಪಂದ ಮಾಡಿಕೊಳ್ಳುವ ಇರಾದೆಯ ಪತ್ರ) ಸುದ್ದಿ ಬರುತ್ತೆ. ಒಂದು ದಿನ ಏರುತ್ತೆ, ನಾಲ್ಕು ದಿನ ಇಳಿಯುತ್ತೆ. ಮೇಲ್ ಮಾಡಿದರೆ ಉತ್ತರ ಇಲ್ಲ. ಈಗ ಪ್ರಮೋಟರಿಗೆ (ಕಂಪನಿ ನಡೆಸುವ ಮುಖ್ಯ ಮಾಲೀಕರಿಗೆ) ಮತ್ತು ಇನ್ನು ಕೆಲವರಿಗೆ 78 ರೂಪಾಯಿಗೆ 80 ಲಕ್ಷ ವಾರಂಟ್, ಅಂದರೆ ಮುಂದೆ ಷೇರು ಪಡೆಯುವ ಹಕ್ಕು, ಕೊಡುತ್ತಾರಂತೆ. ಅದಕ್ಕೆ ಮತ ಹಾಕಿ ಅಂತ ಮೇಲ್ ಬಂದಿದೆ. 212 ಕೊಟ್ಟ ನಾವು ಏನು ಪಾಪ ಮಾಡಿದ್ದೆವು? ಇನ್ನೂ 600 ಕೊಂಡು ಆವರೇಜ್ ಮಾಡಲಾ? ಮಾರಿಬಿಡಲಾ? ಷೇರುಪೇಟೆ ನಿಯಂತ್ರಕ ಸೆಬಿಗೆ ದೂರು ಕೊಡಲಾ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಉತ್ತರ: ಮಾಸ್ತರೇ, ಪತ್ರದ ಜೊತೆ ವಾರ್ಷಿಕ ವರದಿ ಮತ್ತು ವಾರಂಟಿನ ನೋಟಿಸ್ ಎರಡನ್ನೂ ಕಳಿಸಿದ್ದು ಒಳ್ಳೆಯದಾಯಿತು. ಎರಡು ರಾತ್ರಿ ಕೂತು ಓದಿದೆ. ನಿಮ್ಮ ಸಿಟ್ಟಿಗೆ ಕಾರಣ ಇದೆ. ಆದರೆ ಪತ್ರದ ತುಂಬ ನೀವು ಕೇಳಿದ್ದು ಒಂದೇ: 212 ಯಾವಾಗ ವಾಪಸ್ ಬರುತ್ತೆ? ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಈ ಕಂಪನಿ ನಾಳೆ ನಿಜವಾಗಿಯೂ ಎದ್ದು ನಿಂತರೆ, ಅಷ್ಟೊತ್ತಿಗೆ ಅದರಲ್ಲಿ ನಿಮ್ಮ ಪಾಲು ಎಷ್ಟು ಉಳಿದಿರುತ್ತೆ?

ಹೊಲದ ಲೆಕ್ಕದಲ್ಲಿ ಹೇಳುತ್ತೇನೆ. ಮುಳಗುಂದದ ಕಡೆ ನಾಲ್ಕು ಜನ ಕೂಡಿ 8 ಎಕರೆ ಹೊಲ ಹಿಡಿದಿದ್ದೀರಿ ಅಂದುಕೊಳ್ಳಿ. ಬೋರ್ ಹಾಕಿಸಲು ದುಡ್ಡಿಲ್ಲ. ಐದನೆಯವನೊಬ್ಬ ದುಡ್ಡು ತಂದು ಪಾಲುದಾರನಾದ. ನೀರು ಬಿದ್ದರೆ ಏನೂ ತೊಂದರೆ ಇಲ್ಲ. ಪಾಲು ಸಣ್ಣದಾದರೂ ಅದು ನೀರಾವರಿ ಹೊಲದ ಪಾಲು. ಆದರೆ ಬೋರ್ ಫೇಲಾಯಿತು. ಎರಡನೇ ಬೋರಿಗೆ ಆರನೆಯವನು ಬಂದ. ಅದೂ ಒಣಗಿತು. ಈಗ ಹೊಲ ಅಷ್ಟೇ ಇದೆ, ಪಾಲುದಾರರು ಆರು ಜನ. ಮುಂದಿನ ವರ್ಷ ದೇವರು ಕಣ್ಣು ಬಿಟ್ಟು ಮಳೆ ಚೆನ್ನಾಗಿ ಬಂತು, ಬೆಳೆಯೂ ಬಂತು. ಆದರೂ ರಾಶಿಯಲ್ಲಿ ನಿಮಗೆ ಬರೋದು ನಾಲ್ಕರಲ್ಲಿ ಒಂದು ಭಾಗ ಅಲ್ಲ, ಆರರಲ್ಲಿ ಒಂದು.

ನಿಮ್ಮ ಕಂಪನಿಯಲ್ಲಿ ಆಗಿದ್ದು ಇದೇ. ನೀವು ಕೊಂಡಾಗ ಒಟ್ಟು 4 ಕೋಟಿ ಷೇರು ಇದ್ದವು. 212ರ ಲೆಕ್ಕದಲ್ಲಿ ಇಡೀ ಕಂಪನಿಯ ಬೆಲೆ 848 ಕೋಟಿ. ಹೋದ ವರ್ಷ 150 ರೂಪಾಯಿಗೆ 1.2 ಕೋಟಿ ಹೊಸ ಷೇರು ಕೊಟ್ಟರು. ಒಟ್ಟು 5.2 ಕೋಟಿ ಆಯಿತು. ಈಗಿನ ವಾರಂಟ್ ಪೂರ್ತಿ ಷೇರಾದರೆ 6 ಕೋಟಿ. ನಾಳೆ ಕಂಪನಿಯ ಬೆಲೆ ಮತ್ತೆ 848 ಕೋಟಿಗೇ ಬಂತು ಅನ್ನಿ. ಆರು ಕೋಟಿಯಿಂದ ಭಾಗಿಸಿ. ಷೇರಿಗೆ ಸುಮಾರು 141 ರೂಪಾಯಿ. ಕಂಪನಿ ಪೂರ್ತಿ ಎದ್ದಿರುತ್ತೆ, ನಿಮ್ಮ ಷೇರು ಮಾತ್ರ 71 ರೂಪಾಯಿ ಹಿಂದೆಯೇ ಉಳಿದಿರುತ್ತೆ. ಹೊಸ ಷೇರಿನಿಂದ ಕಂಪನಿಗೆ ದುಡ್ಡು ಬಂದಿದೆಯಲ್ಲ ಅಂತ ನೀವು ಕೇಳಬಹುದು. ಬಂದಿದೆ. ಆ ದುಡ್ಡು ಏನಾಯಿತು ಅನ್ನೋದೇ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಆವರೇಜ್ ಮಾಡೋ ವಿಚಾರ ಇಲ್ಲೇ ಮುಗಿಸಿಬಿಡೋಣ. 74ಕ್ಕೆ ಇನ್ನೂ 600 ಕೊಂಡರೆ ಸರಾಸರಿ 143 ಆಗುತ್ತೆ. ಮೊಬೈಲಿನಲ್ಲಿ ಕೆಂಪು ಅಂಕಿ ಶೇ. 65ರಿಂದ ಶೇ. 48ಕ್ಕೆ ಇಳಿಯುತ್ತೆ. ನೋಡಿದರೆ ಮನಸ್ಸಿಗೆ ತುಸು ಸಮಾಧಾನ. ಆದರೆ ರೂಪಾಯಿ ಲೆಕ್ಕದಲ್ಲಿ ನಷ್ಟ ಅವತ್ತೂ 82,800, ಇವತ್ತೂ 82,800. ಒಂದು ಪೈಸೆ ಕಡಿಮೆ ಆಗಿಲ್ಲ. ಆಗಿದ್ದು ಇಷ್ಟೇ, ಅದೇ ಕಂಪನಿಯ ಕೈಯಲ್ಲಿ ನಿಮ್ಮ ಇನ್ನೂ 44,400 ರೂಪಾಯಿ ಇಟ್ಟಿರುತ್ತೀರಿ. ಬೇಡ.

ಇನ್ನು ಬೆಲೆ ಇಷ್ಟು ಬಿದ್ದದ್ದು ಯಾಕೆ? ಇದರಲ್ಲಿ ಅರ್ಧ ಕಂಪನಿಯ ಕೈ ಮೀರಿದ್ದು. ಅದನ್ನು ನ್ಯಾಯವಾಗಿ ಹೇಳಬೇಕು.

'ಬ್ಯಾಟರಿ ರಿಸೈಕ್ಲಿಂಗ್' ಅನ್ನೋ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯಾಪಾರ ಇವೆ. ಹೋದ ತಿಂಗಳು ಹಳೇ ಹುಬ್ಬಳ್ಳಿ ಕಡೆ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ಹಾಕಬೇಕಿತ್ತು. ತಕ್ಕಡಿಗೆ ಹಾಕಿದರು, ಕೆಜಿಗೆ ಇಷ್ಟು ಅಂದರು, ಎರಡೇ ನಿಮಿಷದಲ್ಲಿ ದುಡ್ಡು ಕೈಗೆ. ಅದು ಸೀಸದ ಬ್ಯಾಟರಿ. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸವೇ ಇರುತ್ತೆ. 327 ಡಿಗ್ರಿಗೆ ಕರಗುತ್ತೆ. ದಶಕಗಳಿಂದ ನಡೆಯುತ್ತಿರುವ ದಂಧೆ. ಅಲ್ಲೇ ಮೂಲೆಯಲ್ಲಿ ಒಂದು ಕಬ್ಬಿಣದ ಬಕೆಟ್ ಇತ್ತು, ತುಂಬ ಉಸುಕು. ಉಸುಕಿನಲ್ಲಿ ಉಬ್ಬಿದ ಮೊಬೈಲ್ ಬ್ಯಾಟರಿಗಳ ತುದಿ ಕಾಣುತ್ತಿದ್ದವು. ಅವನ್ನೇನು ಮಾಡ್ತೀರಿ ಅಂದೆ. "ಲಿಥಿಯಂ ಅಂದ್ರ ಬೆಂಕಿ ರೀ ಸರ್. ಒಮ್ಮೆ ಹತ್ತಿದ್ರ ಅಂಗಡಿನ ಹೋಗ್ತದ. ಯಾರರೆ ಒಬ್ರು ಬಂದ್ರ ಕೊಟ್ಟುಬಿಡ್ತೀನಿ" ಅಂದರು ಅಂಗಡಿಯವರು.

ನಿಮ್ಮ ಕಂಪನಿಯ ಕಚ್ಚಾ ಮಾಲು ಆ ಬಕೆಟ್ಟಿನಲ್ಲಿದೆ ಮಾಸ್ತರೇ. ಅಲ್ಲಿಂದ ಅದನ್ನು ಸುರಕ್ಷಿತವಾಗಿ ಕೂಡಿಸಬೇಕು, ಚಾರ್ಜ್ ಪೂರ್ತಿ ಇಳಿಸಬೇಕು, ಪುಡಿ ಮಾಡಬೇಕು. ಬರುವ ಕಪ್ಪು ಪುಡಿಗೆ 'ಬ್ಲ್ಯಾಕ್ ಮಾಸ್' ಅನ್ನುತ್ತಾರೆ. ಅದನ್ನು ಆಸಿಡ್‌ನಲ್ಲಿ ಕರಗಿಸಿ ಲಿಥಿಯಂ, ನಿಕಲ್, ಕೋಬಾಲ್ಟ್ ಬೇರೆ ಮಾಡಬೇಕು. ಪುಡಿ ಮಾಡುವವರು ತುಂಬ ಜನ. ಕೊನೆಯ ಹಂತ ಲಾಭಕ್ಕೆ ಮಾಡುವವರು ಕಡಿಮೆ. ಮೂರು ಸಲ ಮುಂದೆ ಹೋದ ನಿಮ್ಮ ಕಂಪನಿಯ ಪ್ಲಾಂಟ್ ಆ ಕೊನೆಯ ಹಂತದ್ದೇ.

ಮಾಲು ಸಾಲದು ಅನ್ನೋದು ಇನ್ನೊಂದು ಕಷ್ಟ. ವಿದ್ಯುತ್ ಕಾರಿನ ಬ್ಯಾಟರಿಗೆ ಕಾರಿನ ಕಂಪನಿಗಳೇ ಸಾಮಾನ್ಯವಾಗಿ 8 ವರ್ಷದ ಗ್ಯಾರಂಟಿ ಕೊಡುತ್ತವೆ. ಹಾಗಾದರೆ ಇತ್ತೀಚೆಗೆ ರಸ್ತೆಗೆ ಬಂದ ಗಾಡಿಗಳ ಬ್ಯಾಟರಿ ಗುಜರಿಗೆ ಬರೋದು ಯಾವಾಗ? ಮೇಲಿಂದ ಈಗ ತುಂಬ ಗಾಡಿಗಳು ಎಲ್‌ಎಫ್‌ಪಿ ಅನ್ನೋ ಜಾತಿಯ ಬ್ಯಾಟರಿಗೆ ಹೋಗುತ್ತಿವೆ. ಅದರಲ್ಲಿ ಕೋಬಾಲ್ಟೂ ಇಲ್ಲ, ನಿಕಲ್ಲೂ ಇಲ್ಲ. ರಿಸೈಕಲ್ ಮಾಡುವವನಿಗೆ ಸಿಗೋದು ಕಬ್ಬಿಣ, ಫಾಸ್ಫೇಟ್, ಸ್ವಲ್ಪ ಲಿಥಿಯಂ.

ಆ ಲಿಥಿಯಂ ಬೆಲೆಯೂ ಕೈ ಕೊಟ್ಟಿತು. 2022ರ ನವೆಂಬರಿನಲ್ಲಿ ಚೀನಾದಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಇತ್ತು. 2024ರ ಮಧ್ಯದ ಹೊತ್ತಿಗೆ 1 ಲಕ್ಷಕ್ಕಿಂತ ಕೆಳಗೆ ಬಂತು. ಬ್ಯಾಡಗಿ ಮೆಣಸಿನಕಾಯಿ ದರ ಬಿದ್ದಾಗ ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಇಟ್ಟವರ ಪರಿಸ್ಥಿತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಲ್ಲೂ ಹಾಗೇ. ದುಬಾರಿ ದರಕ್ಕೆ ಸ್ಕ್ರ್ಯಾಪ್ ಕೊಂಡವನು ಅದನ್ನು ಶುದ್ಧ ಮಾಡಿ ಮುಗಿಸೋದರೊಳಗೆ ಮಾರುಕಟ್ಟೆ ಇಳಿದಿರುತ್ತೆ.

ಇದು ನಿಮ್ಮ ಒಂದು ಕಂಪನಿಯ ಕಥೆಯಲ್ಲ. ಕೆನಡಾದ ಲಿ-ಸೈಕಲ್ ಅನ್ನೋ ಕಂಪನಿ 2021ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಾಗ ಎಲ್ಲರ ಬಾಯಲ್ಲೂ ಅದೇ ಹೆಸರು. ಅದರದ್ದೂ ಕೊನೆಯ ಹಂತದ ದೊಡ್ಡ ಪ್ಲಾಂಟೇ, ಅಮೆರಿಕದ ರಾಚೆಸ್ಟರ್‌ನಲ್ಲಿ. ಖರ್ಚು ಮಿತಿ ಮೀರಿತು. 2023ರ ಅಕ್ಟೋಬರಿನಲ್ಲಿ ಕೆಲಸ ನಿಲ್ಲಿಸಿದರು, ಷೇರು ಒಂದೇ ದಿನದಲ್ಲಿ ಅರ್ಧದ ಹತ್ತಿರ ಕುಸಿಯಿತು. 2024ರ ಜೂನ್‌ನಲ್ಲಿ 8 ಷೇರು ಕೂಡಿಸಿ 1 ಮಾಡಿದರು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕ ಸರ್ಕಾರ 47.5 ಕೋಟಿ ಡಾಲರ್ ಸಾಲಕ್ಕೆ ಸಹಿ ಹಾಕಿತು. ಆದರೂ ಉಳಿಯಲಿಲ್ಲ. 2025ರ ಮೇ ತಿಂಗಳಲ್ಲಿ ದಿವಾಳಿ ರಕ್ಷಣೆ ಕೇಳಿತು. ಕೆಲವೇ ತಿಂಗಳಲ್ಲಿ ಅದರ ಆಸ್ತಿ ದೊಡ್ಡ ಗಣಿ ಕಂಪನಿ ಗ್ಲೆನ್‌ಕೋರ್ ಪಾಲಾಯಿತು. ಆ ಯಂತ್ರ, ಆ ತಂತ್ರಜ್ಞಾನ ಮುಂದೆ ದುಡಿಯಬಹುದು. ಮೊದಲಿನ ಷೇರುದಾರರಿಗೆ ಅದರಲ್ಲಿ ಏನೂ ಇಲ್ಲ. ಉದ್ಯಮ ಬದುಕಿದ ಮಾತ್ರಕ್ಕೆ ಹೂಡಿಕೆದಾರ ಬದುಕುತ್ತಾನೆ ಅಂತ ನಂಬಿದವರನ್ನು ಕಂಡಾಗಲೆಲ್ಲ ನನಗೆ ಈ ಕಂಪನಿ ನೆನಪಾಗುತ್ತೆ.

ನಮ್ಮ ದೇಶದಲ್ಲಿ ಉದ್ಯಮಕ್ಕೆ ಬೆಂಬಲ ಇದೆ, ಅದು ನಿಜ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬ್ಯಾಟರಿ ತಯಾರಕರೇ ಹಳೆಯದನ್ನು ರಿಸೈಕಲ್ ಮಾಡಿಸಬೇಕು ಅನ್ನುತ್ತವೆ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಇಂಥ ಖನಿಜಗಳ ರಿಸೈಕ್ಲಿಂಗ್‌ಗೆ 1,500 ಕೋಟಿಯ ಪ್ರೋತ್ಸಾಹ ಯೋಜನೆ ಒಪ್ಪಿತು. ಆ ಸುದ್ದಿ ಬಂದ ದಿನ ನಿಮ್ಮ ಷೇರೂ ಹಾರಿತ್ತಲ್ವಾ? ಆದರೆ ಸಹಾಯಧನ ಸಿಗೋದು ಯಂತ್ರ ಕೂಡಿಸಿ ಉತ್ಪಾದನೆ ತೋರಿಸಿದವರಿಗೆ.

ಈಗ ಕಂಪನಿಯ ಕೈಯಲ್ಲೇ ಇದ್ದ ವಿಷಯಕ್ಕೆ ಬರೋಣ. ಇಲ್ಲಿ ನನಗೂ ಸಿಟ್ಟು ಬಂತು.

ಎಂಒಯು ಸುದ್ದಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಎಷ್ಟು ಟನ್, ಯಾವ ದರ, ಎಷ್ಟು ವರ್ಷ, ಮಾತು ತಪ್ಪಿದರೆ ದಂಡ ಏನು, ಒಂದೂ ಇಲ್ಲ. ಎರಡರಲ್ಲಿ 'ಬದ್ಧತೆಯಿಲ್ಲದ ಒಪ್ಪಂದ' ಅಂತ ಅವರೇ ಬರೆದಿದ್ದಾರೆ, ಕೊನೆಯ ಸಾಲಿನಲ್ಲಿ. ಅಂಥದ್ದು ಬಂದ ದಿನ ಬೆಲೆ ನೋಡಲೇಬೇಡಿ.

ಪ್ಲಾಂಟಿನ ತಾರೀಕು ಟಿವಿ ಸಂದರ್ಶನದಲ್ಲಿ ಹುಡುಕಬೇಡಿ. ವಾರ್ಷಿಕ ವರದಿಯ ಹಿಂದಿನ ಪುಟಗಳಲ್ಲಿ 'ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್' ಅಂತ ಒಂದು ಟಿಪ್ಪಣಿ ಇರುತ್ತೆ. ಮುಗಿಯದ ಕೆಲಸದಲ್ಲಿ ಸಿಕ್ಕಿಕೊಂಡ ದುಡ್ಡಿನ ಲೆಕ್ಕ ಅದು. 2021ರ ಏಪ್ರಿಲ್‌ನಿಂದ ಈ ದುಡ್ಡು ಎಷ್ಟು ವರ್ಷ ಹಳೆಯದು ಅಂತ ಬಿಡಿಸಿ ತೋರಿಸಲೇಬೇಕು. ಗಡುವು ಮೀರಿದ ಅಥವಾ ಖರ್ಚು ಮೀರಿದ ಕೆಲಸ ಇದ್ದರೆ ಅದು ಯಾವಾಗ ಮುಗಿಯಬಹುದು ಅಂತಲೂ ಬರೆಯಬೇಕು. ನಿಮ್ಮ ಕಂಪನಿಯದು ತೆಗೆದು ನೋಡಿ, ನಾನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ ವಾಪಸ್ ಕಳಿಸಿದ್ದೇನೆ. ಸಂದರ್ಶನದಲ್ಲಿ 'ಮುಂದಿನ ತ್ರೈಮಾಸಿಕ' ಅಂದವರು ಇಲ್ಲಿ 'ಒಂದರಿಂದ ಎರಡು ವರ್ಷ' ಅನ್ನೋ ಕಾಲಮ್ಮಿನಲ್ಲಿ ಅಂಕಿ ಹಾಕಿದ್ದಾರೆ. ಎರಡೂ ಒಂದೇ ತಿಂಗಳಲ್ಲಿ.

ಮತ್ತೆ ವಾರಂಟಿನ ವಿಷಯ. ವಾರಂಟ್ ಅಂದರೆ ಈಗ ಶೇ. 25ರಷ್ಟು ದುಡ್ಡು ಕೊಟ್ಟು, ಉಳಿದದ್ದನ್ನು 18 ತಿಂಗಳೊಳಗೆ ಕೊಟ್ಟು ಷೇರು ಪಡೆಯುವ ಹಕ್ಕು. ಬೆಲೆ ಏರಿದರೆ ಉಳಿದ ದುಡ್ಡು ಕಟ್ಟುತ್ತಾರೆ. ಏರದಿದ್ದರೆ ಕಟ್ಟದೇ ಬಿಡಬಹುದು, ಆಗ ಮೊದಲು ಕೊಟ್ಟದ್ದು ಮುಟ್ಟುಗೋಲಾಗುತ್ತೆ. 78 ಅನ್ನೋ ಬೆಲೆ ಅವರು ಸುಮ್ನೆ ಇಟ್ಟದ್ದಲ್ಲ. ಹಿಂದಿನ 90 ವಹಿವಾಟು ದಿನಗಳ ಸರಾಸರಿ, 10 ದಿನಗಳ ಸರಾಸರಿ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಕಡಿಮೆ ಇಡುವಂತಿಲ್ಲ ಅಂತ ಸೆಬಿ ನಿಯಮ ಇದೆ. ನೀವು ಎಷ್ಟು ಕೊಟ್ಟಿರಿ ಅಂತ ಆ ಸೂತ್ರ ಕೇಳೋದಿಲ್ಲ. ಹಾಗಾಗಿ 78 ತಪ್ಪು ಅಂತ ಜಗಳ ತೆಗೆದರೆ ನಿಲ್ಲೋದಿಲ್ಲ.

ಜಗಳ ತೆಗೆಯಬೇಕಾದ್ದು ಬೇರೆ ಕಡೆ. ನೋಟಿಸಿನಲ್ಲಿ ದುಡ್ಡಿನ ಉದ್ದೇಶ ನೋಡಿ: 'ದುಡಿಯುವ ಬಂಡವಾಳ ಮತ್ತು ಸಾಮಾನ್ಯ ಕಾರ್ಪೊರೇಟ್ ಉದ್ದೇಶ.' ಪ್ಲಾಂಟಿನ ಹೆಸರೇ ಇಲ್ಲ! ಹೋದ ವರ್ಷ 180 ಕೋಟಿ ಎತ್ತಿದಾಗ 'ಪ್ಲಾಂಟ್ ಪೂರ್ತಿ ಮಾಡಲು' ಅಂದಿದ್ದರು. ಪ್ಲಾಂಟ್ ಆಗಿಲ್ಲ. ಹಾಗಾದರೆ ಆ 180 ಕೋಟಿ ಎಲ್ಲಿದೆ? ಇದಕ್ಕೆ ಉತ್ತರ ಕೇಳುವ ದಾರಿ ಇದೆ. 100 ಕೋಟಿ ಮೀರಿ ಹೀಗೆ ಹಣ ಎತ್ತಿದರೆ ಅದರ ಮೇಲೆ ಕಣ್ಣಿಡಲು ಒಂದು ರೇಟಿಂಗ್ ಸಂಸ್ಥೆ ಇರಲೇಬೇಕು. ಅದರ ವರದಿ ಮೂರು ತಿಂಗಳಿಗೊಮ್ಮೆ ಷೇರುಪೇಟೆಯ ತಾಣಕ್ಕೆ ಬರುತ್ತೆ. ಹೇಳಿದ್ದು ಒಂದು, ಖರ್ಚು ಮಾಡಿದ್ದು ಇನ್ನೊಂದು ಆಗಿದ್ದರೆ ಅದನ್ನೂ ಕಂಪನಿ ತಿಳಿಸಬೇಕು. ಕಂಪನಿಯ ಹೆಸರು ಹಾಕಿ ಪ್ರಕಟಣೆಗಳ ಪಟ್ಟಿಯಲ್ಲಿ 'ಮಾನಿಟರಿಂಗ್ ಏಜೆನ್ಸಿ ರಿಪೋರ್ಟ್' ಅಂತ ಹುಡುಕಿ. ಖರ್ಚಾಗದೇ ಉಳಿದದ್ದು ಎಷ್ಟು, ಅದನ್ನು ಎಲ್ಲಿ ಇಟ್ಟಿದ್ದಾರೆ ಅನ್ನೋ ಎರಡು ಸಾಲು ಓದಿದರೆ ಸಾಕು.

ಹೋದ ವರ್ಷ ಮತ ಹಾಕಿದ್ದಿರಾ ಅಂತ ಫೋನಿನಲ್ಲಿ ಕೇಳಿದೆ. "ಅಂಥಾದ್ದೇನೂ ಬಂದಿಲ್ರಿ" ಅಂದಿರಿ. ಹುಡುಕಿ ನೋಡಿ ಅಂದೆ. ಅರ್ಧ ಗಂಟೆ ಬಿಟ್ಟು ನೀವೇ ಫೋನ್ ಮಾಡಿದಿರಿ. 'ಪ್ರಮೋಷನ್ಸ್' ಅನ್ನೋ ಟ್ಯಾಬಿನಲ್ಲಿ, ಸೀರೆ ಅಂಗಡಿಯ ಡಿಸ್ಕೌಂಟಿಗೂ ಪರ್ಸನಲ್ ಲೋನ್ ಜಾಹೀರಾತಿಗೂ ನಡುವೆ, ದಪ್ಪ ಅಕ್ಷರದಲ್ಲಿ ಹಾಗೇ ಉಳಿದಿತ್ತು. ತೆರೆದೇ ಇರಲಿಲ್ಲ. ನಿಮ್ಮನ್ನು ಬೈಯಲು ಹೇಳುತ್ತಿಲ್ಲ. ನನ್ನ ಹತ್ತಿರ ಬರುವ ಹತ್ತರಲ್ಲಿ ಒಂಬತ್ತು ಜನರ ಕಥೆ ಇದೇ.

ನಿಮ್ಮೂರ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಕಟ್ಟಿದ ಮಣ್ಣು ನಮ್ಮದು. ಅಲ್ಲಿ ಒಬ್ಬರಿಗೆ ಒಂದು ಮತ. ಕಂಪನಿಯಲ್ಲಿ ಹಾಗಿಲ್ಲ, ಷೇರಿಗೊಂದು ಮತ. ಹಾಗಾಗಿ ನಿಮ್ಮ 600 ಎಷ್ಟರದ್ದು ಅನಿಸೋದು ಸಹಜ. ಲೆಕ್ಕ ಹಾಕೋಣ. ವಾರಂಟ್ ಕೊಡಲು ವಿಶೇಷ ನಿರ್ಣಯ ಬೇಕು. ಅಂದರೆ ಬಿದ್ದ ಮತಗಳಲ್ಲಿ ಪರವಾದವು ವಿರೋಧದ ಮೂರು ಪಟ್ಟಾದರೂ ಇರಬೇಕು. ಪ್ರಮೋಟರ್ ಹತ್ತಿರ ಶೇ. 42 ಇದೆ. ಬೇರೆ ಯಾರೂ ಪರವಾಗಿ ಹಾಕದಿದ್ದರೆ, ಒಟ್ಟು ಷೇರಿನಲ್ಲಿ ಶೇ. 14ಕ್ಕಿಂತ ಜಾಸ್ತಿ ವಿರೋಧ ಬಂದರೆ ನಿರ್ಣಯ ಬಿದ್ದುಹೋಗುತ್ತೆ. ಅದು ಸುಮಾರು 73 ಲಕ್ಷ ಷೇರು. ನಿಮ್ಮಂಥ 12 ಸಾವಿರ ಜನ. ಸುಲಭ ಅಂತ ನಾನು ಹೇಳೋದಿಲ್ಲ. ಆದರೆ ಫಲಿತಾಂಶವನ್ನು ಪ್ರಮೋಟರ್, ಸಂಸ್ಥೆಗಳು, ಸಾಮಾನ್ಯ ಹೂಡಿಕೆದಾರರು ಅಂತ ಮೂರು ಸಾಲಿನಲ್ಲಿ ಬೇರೆ ಬೇರೆ ಪ್ರಕಟಿಸಬೇಕು. ಮೂರನೇ ಸಾಲಿನಲ್ಲಿ ವಿರೋಧ ಎದ್ದು ಕಂಡರೆ ಮುಂದಿನ ಸಲ ದುಡ್ಡು ಹಾಕಲು ಬರುವವನೂ ಅದನ್ನು ಓದುತ್ತಾನೆ. ಹೋದ ವರ್ಷದ ಫಲಿತಾಂಶದಲ್ಲಿ ಆ ಸಾಲು ಹೆಚ್ಚುಕಡಿಮೆ ಖಾಲಿ. ಯಾರೂ ತಕರಾರು ಮಾಡಲಿಲ್ಲ ಅಂತಲೇ ಕಂಪನಿ ಅದನ್ನು ಅರ್ಥ ಮಾಡಿಕೊಂಡಿರುತ್ತೆ. ಈ ಸಲ ವಿರೋಧಕ್ಕೆ ಒತ್ತಿ. ಪ್ಲಾಂಟಿಗೆ ಅಂತಲೇ ದುಡ್ಡು ಕೇಳಿದ್ದರೆ, ಹಳೆಯದರ ಲೆಕ್ಕ ಕೊಟ್ಟಿದ್ದರೆ, ಪರವಾಗಿ ಹಾಕಿ ಅಂತಲೇ ನಾನು ಹೇಳುತ್ತಿದ್ದೆ.

ಮೇಲ್‌ಗೆ ಉತ್ತರ ಬರದಿದ್ದರೆ ಸಾಮಾನ್ಯ ವಿಳಾಸ ಬಿಟ್ಟು ನೇರವಾಗಿ ಕಂಪನಿ ಸೆಕ್ರೆಟರಿಗೆ ಬರೆಯಿರಿ. ನೀವು ಮೊದಲು ಬರೆದ ಮೇಲ್ ಎರಡು ಪುಟ ಇತ್ತು, ನೋವೆಲ್ಲ ಇತ್ತು, ಪ್ರಶ್ನೆ ಇರಲಿಲ್ಲ. ಈ ಸಲ ಮೂರೇ ಸಾಲು ಬರೆಯಿರಿ: 180 ಕೋಟಿಯಲ್ಲಿ ಖರ್ಚಾದದ್ದೆಷ್ಟು, ಪ್ಲಾಂಟಿಗೆ ಇನ್ನೂ ಬೇಕಾದದ್ದೆಷ್ಟು, ವಾರಂಟಿನ ದುಡ್ಡಿನಲ್ಲಿ ಪ್ಲಾಂಟಿಗೆ ಎಷ್ಟು. ವಾರ್ಷಿಕ ಸಭೆ ವಿಡಿಯೋದಲ್ಲಿ ನಡೆದರೆ ಮೊದಲೇ ಹೆಸರು ಕೊಟ್ಟು ಇದನ್ನೇ ಕೇಳಬಹುದು. ನಲವತ್ತು ವರ್ಷ ಮಕ್ಕಳ ಮುಂದೆ ನಿಂತವರು ನೀವು, ಹಿಂಜರಿಯಬೇಡಿ.

ಸೆಬಿ ದೂರಿನ ಬಗ್ಗೆ. ಬೆಲೆ ಬಿತ್ತು, ಪ್ಲಾಂಟ್ ತಡವಾಯಿತು ಅಂತ ಸೆಬಿಯ ದೂರಿನ ತಾಣ 'ಸ್ಕೋರ್ಸ್'ನಲ್ಲಿ ಹಾಕಿದರೆ ಏನೂ ಆಗೋದಿಲ್ಲ. ಪ್ರಕಟಿಸಬೇಕಾದ್ದನ್ನು ಪ್ರಕಟಿಸಿಲ್ಲ, ಹೇಳಿದ್ದಕ್ಕೆ ಬಿಟ್ಟು ಬೇರೆಯದಕ್ಕೆ ದುಡ್ಡು ಹೋಗಿದೆ ಅನ್ನೋದಕ್ಕೆ ಕಾಗದ ಇದ್ದರೆ ಹಾಕಿ. 21 ದಿನದೊಳಗೆ ಕಂಪನಿ ಉತ್ತರ ಕೊಡಬೇಕು. ಮೊದಲು ಆ ಮೂರು ಸಾಲಿನ ಪತ್ರ ಹೋಗಲಿ. ಉತ್ತರ ಬರದಿದ್ದರೆ ಅದೇ ಪತ್ರ ದೂರಿಗೆ ಆಧಾರವಾಗುತ್ತೆ.

ಮಾರುವ ವಿಚಾರ. ರಾತ್ರಿ ಎರಡಕ್ಕೆ ಎದ್ದು ಮೊಬೈಲ್ ನೋಡುತ್ತೇನೆ ಅಂತ ಬರೆದಿದ್ದೀರಿ. ಅಷ್ಟು ಸಾಕು. 300 ಷೇರು ಈಗಲೇ ಮಾರಿ. ಆ 300ರ ನಷ್ಟ 41,400 ರೂಪಾಯಿ. ಇದು ದೀರ್ಘಾವಧಿ ನಷ್ಟ. ರಿಟರ್ನ್ ಗಡುವಿನೊಳಗೆ ಹಾಕಿದರೆ 8 ವರ್ಷದವರೆಗೆ ಬೇರೆ ದೀರ್ಘಾವಧಿ ಲಾಭದ ಎದುರು ವಜಾ ಮಾಡಿಕೊಳ್ಳಬಹುದು. ಉಳಿದ 300 ಇನ್ನೆರಡು ತ್ರೈಮಾಸಿಕ ಇರಲಿ. ಫಲಿತಾಂಶ ತ್ರೈಮಾಸಿಕ ಮುಗಿದ 45 ದಿನದೊಳಗೆ ಬರುತ್ತೆ, ವರ್ಷದ ಕೊನೆಯ ತ್ರೈಮಾಸಿಕದ್ದಾದರೆ 60 ದಿನದೊಳಗೆ. ಆ ಹೊತ್ತಿಗೂ 180 ಕೋಟಿಯ ಲೆಕ್ಕ ಸಿಗದಿದ್ದರೆ, ಬೆಲೆ 74 ಇರಲಿ 90 ಇರಲಿ, ಅವನ್ನೂ ಮಾರಿಬಿಡಿ. 212 ಅನ್ನೋ ಅಂಕಿಯನ್ನು ಡೈರಿಯಿಂದ ಹೊಡೆದು ಹಾಕಿ. ಅದು ನಿಮಗೆ ಮಾತ್ರ ಗೊತ್ತಿರುವ ಬೆಲೆ, ಮಾರುಕಟ್ಟೆಗೆ ಗೊತ್ತಿಲ್ಲ.

ಮನೆಯಲ್ಲಿ ಇವತ್ತೇ ಹೇಳಿ. ಇದೇ ತಪ್ಪನ್ನು ಮುಚ್ಚಿಟ್ಟು, ನಷ್ಟ ತುಂಬಲು ಸಾಲ ಮಾಡಿ ಮತ್ತೆ ಕೊಂಡವರನ್ನು ನಾನು ಧಾರವಾಡದಲ್ಲೂ ರಾಣೆಬೆನ್ನೂರಿನಲ್ಲೂ ಕಂಡಿದ್ದೇನೆ. ನೀವು ಕಳೆದದ್ದು ನಿಮ್ಮ ಪಿಂಚಣಿ ಹಣದ ಒಂದು ಭಾಗ. ಸಾಲದ ದುಡ್ಡು ಅದರಲ್ಲಿಲ್ಲ. ಅದನ್ನು ಅವರಿಗೆ ಅಂಕಿ ಸಮೇತ ತೋರಿಸಿ.

ನೋಟಿಸಿನ ಪ್ರಕಾರ ಇ-ವೋಟಿಂಗ್ ಬರುವ ಗುರುವಾರ ಸಂಜೆ 5 ಗಂಟೆಗೆ ಮುಗಿಯುತ್ತೆ. ಡಿಮ್ಯಾಟ್‌ಗೆ ಮಗನ ಮೊಬೈಲ್ ನಂಬರ್ ಕೊಟ್ಟಿದ್ದೀರಿ, ಓಟಿಪಿ ಪುಣೆಗೆ ಹೋಗುತ್ತೆ. ಅವನು ಆಫೀಸಿನಲ್ಲಿ ಫೋನ್ ಎತ್ತೋದಿಲ್ಲ ಅಂದಿರಿ. ಹಾಗಾಗಿ ಬುಧವಾರ ರಾತ್ರಿ ಊಟ ಆದ ಮೇಲೆ ಅವನನ್ನು ಲೈನಿನಲ್ಲಿ ಇಟ್ಟುಕೊಂಡು ಕೂತುಕೊಳ್ಳಿ.